ಹಳೆಯ ಕೀಬೋರ್ಡ್‌ನಲ್ಲಿ ರಾಕ್ ಬ್ರಾಸ್ ಸೌಂಡ್ ಕೂಡಿ ಬರುತ್ತಿಲ್ಲವೇ? ದೋಷ ಹುಡುಕುವ ಬಗೆ

ಎರಡು ಸಾಟೂತ್ ಅಲೆ (ಗರಗಸದ ಹಲ್ಲಿನ ಆಕಾರದ ಒರಟು ಸ್ವರ), ಒಂದು ಫಿಲ್ಟರ್ (ಸ್ವರದ ಹೊಳಪನ್ನು ಕತ್ತರಿಸುವ ಭಾಗ), ಒಂದೆರಡು ಎನ್ವಲಪ್ (ಸ್ವರ ಕಾಲಕ್ಕೆ ತಕ್ಕಂತೆ ಹೇಗೆ ಏರಿಳಿಯಬೇಕು ಅಂತ ತೀರ್ಮಾನಿಸುವ ಭಾಗ). ಎಂಬತ್ತರ ದಶಕದ ರಾಕ್ ಬ್ರಾಸ್‌ಗೆ, ಅಂದರೆ ಸಿಂತಸೈಜರ್ (ಸಿಂತ್) ಕೀಬೋರ್ಡ್‌ನಲ್ಲಿ ಕಹಳೆಗಳ ಗುಂಪಿನಂತೆ ಕೇಳಿಸುವ ಸೌಂಡ್‌ಗೆ, ಬೇಕಾದ ಸಾಮಾನು ಇಷ್ಟೇ. ಆದರೂ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಒತ್ತಿದಾಗ ಆ ಕಹಳೆಯ ಗತ್ತು ಬರುವುದಿಲ್ಲ. ಒಮ್ಮೆ ಪಿಟೀಲಿನ ಗುಂಪಿನಂತೆ ಕೇಳಿಸುತ್ತದೆ, ಒಮ್ಮೆ ಆರ್ಗನ್‌ನಂತೆ, ಇನ್ನೊಮ್ಮೆ ಶ್ರುತಿ ತಪ್ಪಿದ ಅಕಾರ್ಡಿಯನ್‌ನಂತೆ. ಆಗ ಕೈ ತಾನಾಗಿ ನಾಬ್‌ಗಳ ಕಡೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ತೊಂದರೆ ಯಂತ್ರದಲ್ಲಿದೆಯೋ, ಪ್ಯಾಚ್‌ನಲ್ಲಿದೆಯೋ (ಅಂದರೆ ಸೌಂಡ್‌ಗಾಗಿ ಮಾಡಿದ ನಾಬ್‌ಗಳ ಹೊಂದಾಣಿಕೆಯಲ್ಲಿ), ನುಡಿಸುವ ಕೈಯಲ್ಲಿದೆಯೋ ಅನ್ನೋದು ಮೊದಲು ಗೊತ್ತಾಗಬೇಕು.

ನನ್ನ ಆರು ವಾಯ್ಸ್‌ನ (ಒಂದೊಂದು ಸ್ವರ ನುಡಿಸುವ ಆರು ಸರ್ಕಿಟ್ ಸರದಿಯಂತೆ ಬಳಕೆಯಾಗುವ) ಕೀಬೋರ್ಡ್‌ನಲ್ಲಿ ಒಂದು ಬ್ರಾಸ್ ಪ್ಯಾಚ್ ಸರಿ ಮಾಡಲು ಮೂರು ಸಂಜೆ ಕೂತಿದ್ದೆ. ಕೆಲವು ಕಾರ್ಡ್ ಹೊಳೆಯುತ್ತಿದ್ದವು, ಕೆಲವು ಮಂಕಾಗಿದ್ದವು. ಕಟ್‌ಆಫ್ (ಫಿಲ್ಟರ್ ಎಷ್ಟು ತೆರೆದಿದೆ ಅನ್ನುವ ಮಟ್ಟ) ಏರಿಸಿದೆ, ಇಳಿಸಿದೆ, ಎನ್ವಲಪ್ ಬದಲಿಸಿದೆ. ಕೊನೆಗೆ ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತಿ ಎಣಿಸಿದೆ. ಪ್ರತಿ ಆರನೆಯ ಸಲ ಸ್ವರ ಮಂಕಾಗುತ್ತಿತ್ತು. ಪ್ಯಾಚ್‌ನಲ್ಲಿ ಏನೂ ತಪ್ಪಿರಲಿಲ್ಲ, ಒಂದು ವಾಯ್ಸ್‌ನ ಫಿಲ್ಟರ್ ಸೋತಿತ್ತು. ಈ ಎಣಿಕೆಯನ್ನು ಮೊದಲ ಐದು ನಿಮಿಷದಲ್ಲೇ ಮಾಡಬೇಕು. ಅದಕ್ಕೇ ಇಲ್ಲಿ ಅದನ್ನೇ ಮುಂದಿಟ್ಟಿದ್ದೇನೆ.

ಮೊದಲು ಬೋಳು ಸ್ವರ

ಕೀಬೋರ್ಡ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಅನಲಾಗ್ ಆಸಿಲೇಟರ್‌ಗಳು (ಸ್ವರ ಹುಟ್ಟಿಸುವ ಸರ್ಕಿಟ್‌ಗಳು) ಬಿಸಿಗೆ ತಕ್ಕಂತೆ ಶ್ರುತಿ ಬದಲಿಸುತ್ತವೆ. ತಣ್ಣಗಿರುವಾಗ ಮಾಡಿದ ಯಾವ ಪರೀಕ್ಷೆಯನ್ನೂ ನಂಬಬೇಡಿ. ಆಮೇಲೆ ಟ್ಯೂನ್ ಬಟನ್ ಇದ್ದರೆ ಒತ್ತಿ. ಪ್ರಾಫೆಟ್-5, ಓಬರ್‌ಹೈಮ್ ಓಬಿ-ಎಕ್ಸ್‌ಎ, ಜುಪಿಟರ್-8 ಮೂರರಲ್ಲೂ ಅದು ಇದೆ.

ಈಗ ಪ್ಯಾಚ್ ಅನ್ನು ಬೋಳು ಮಾಡಿ. ಒಂದೇ ಆಸಿಲೇಟರ್, ಸಾಟೂತ್ ಅಲೆ. ಫಿಲ್ಟರ್ ಪೂರ್ತಿ ತೆರೆದಿರಲಿ, ರೆಸೊನೆನ್ಸ್ (ಕಟ್‌ಆಫ್ ಬಳಿಯ ಸದ್ದನ್ನು ಎತ್ತಿ ಕೇಳಿಸುವ ನಾಬ್) ಸೊನ್ನೆ, ಫಿಲ್ಟರ್‌ಗೆ ಹೋಗುವ ಎನ್ವಲಪ್ ಸೊನ್ನೆ, ಕೋರಸ್ (ಸ್ವರವನ್ನು ಅಗಲವಾಗಿ ಕೇಳಿಸುವ ಎಫೆಕ್ಟ್) ಆಫ್. ಆಂಪ್ (ಸದ್ದಿನ ಜೋರು) ಎನ್ವಲಪ್‌ನಲ್ಲಿ ಅಟ್ಯಾಕ್ (ಏರುವ ಸಮಯ) ಸೊನ್ನೆ, ಸಸ್ಟೇನ್ (ಕೀ ಹಿಡಿದಿರುವಾಗ ನಿಲ್ಲುವ ಮಟ್ಟ) ಪೂರ್ತಿ. ಕೀಬೋರ್ಡ್‌ನಲ್ಲಿ ಎಷ್ಟು ವಾಯ್ಸ್ ಇವೆಯೋ ಅದರ ಎರಡರಷ್ಟು ಸಲ ಮಧ್ಯದ ಒಂದು ಕೀ ಒತ್ತಿ. ಐದು ವಾಯ್ಸ್ ಇದ್ದರೆ ಹತ್ತು ಸಲ, ಎಂಟಿದ್ದರೆ ಹದಿನಾರು ಸಲ. ಕೆಲವು ಕೀಬೋರ್ಡ್‌ಗಳು ಅದೇ ಕೀಗೆ ಅದೇ ವಾಯ್ಸನ್ನೇ ಮತ್ತೆ ಕೊಡುತ್ತವೆ. ಅಂಥದ್ದರಲ್ಲಿ ಅಕ್ಕಪಕ್ಕದ ಕೀಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗಿ.

ಎಲ್ಲವೂ ಒಂದೇ ಥರ ಕೇಳಿಸಿತೇ? ಯಂತ್ರದ ಒಳಗೆ ಕೈ ಹಾಕುವ ಅಗತ್ಯವಿಲ್ಲ, ತೊಂದರೆ ಪ್ಯಾಚ್‌ನಲ್ಲಿ ಇಲ್ಲವೇ ಕೈಯಲ್ಲಿದೆ. ಒಂದು ಸ್ವರ ಬೇರೆ ಥರ ಕೇಳಿಸಿ, ಅದು ಲೆಕ್ಕಕ್ಕೆ ಸರಿಯಾಗಿ ಮತ್ತೆ ಬರುತ್ತಿದ್ದರೆ ದೋಷ ಒಂದು ವಾಯ್ಸ್‌ನಲ್ಲಿದೆ. ಬೇರೆ ಸ್ವರ ಯಾವಾಗಲೂ ಒಂದೇ ಕೀಯಲ್ಲಿ ಬರುತ್ತಿದ್ದರೆ ದೋಷ ಆ ಕೀಯ ಕಾಂಟ್ಯಾಕ್ಟ್‌ನಲ್ಲಿದೆ.

ತೀರ್ಮಾನಕ್ಕೆ ಬರುವ ಮುಂಚೆ ಇದೇ ಪರೀಕ್ಷೆಯನ್ನು ಫಿಲ್ಟರ್ ಅರ್ಧ ಮುಚ್ಚಿ ಇನ್ನೊಮ್ಮೆ ಮಾಡಿ. ಫಿಲ್ಟರ್ ಪೂರ್ತಿ ತೆರೆದಾಗ ಕಾಣದ ಎಷ್ಟೋ ವ್ಯತ್ಯಾಸ ಅರ್ಧ ಮುಚ್ಚಿದಾಗ ಹೊರಬರುತ್ತದೆ. ಬ್ರಾಸ್ ಸೌಂಡ್ ಬದುಕುವುದು ಆ ಅರ್ಧ ಮುಚ್ಚಿದ ಜಾಗದಲ್ಲೇ ಅಲ್ವಾ?

ವಾಯ್ಸ್‌ಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅದು ದೋಷವಲ್ಲ. ಹಳೆಯ ಪಾಲಿ ಸಿಂತ್‌ನ ಕಾರ್ಡ್ ದಪ್ಪಗೆ ಕೇಳಿಸುವುದಕ್ಕೆ ಅದೂ ಒಂದು ಕಾರಣ. ಎಲ್ಲವನ್ನೂ ಒಂದೇ ಅಳತೆಗೆ ತರುತ್ತೇನೆ ಅಂತ ಒಳಗಿನ ಟ್ರಿಮ್ಮರ್‌ಗಳನ್ನೆಲ್ಲ (ಹೊಂದಾಣಿಕೆಯ ಪುಟ್ಟ ತಿರುಪುಗಳನ್ನು) ತಿರುಗಿಸಬೇಡಿ.

ಒಂದು ವಾಯ್ಸ್ ಮಾತ್ರ ಕೆಟ್ಟಿದ್ದರೆ

ರೋಲ್ಯಾಂಡ್ ಜುನೋ-106ರಲ್ಲಿ ಇದು ಹೆಸರಾದ ತೊಂದರೆ. 1984ರ ಈ ಕೀಬೋರ್ಡ್‌ನ ಪ್ರತಿ ವಾಯ್ಸ್‌ಗೂ 80017ಎ ಅನ್ನುವ ಒಂದು ಚಿಪ್ ಇದೆ. ಫಿಲ್ಟರ್, ಆಂಪ್ ಎರಡೂ ಅದರೊಳಗೇ ಇವೆ. ಚಿಪ್ ಮೇಲಿನ ಎಪಾಕ್ಸಿ ಲೇಪ ವರ್ಷ ಕಳೆದಂತೆ ವಿದ್ಯುತ್ ಸೋರಲು ದಾರಿ ಮಾಡಿಕೊಡುತ್ತದೆ. ಆಗ ಆ ವಾಯ್ಸ್ ಚರಚರ ಅನ್ನುತ್ತದೆ, ಮಂಕಾಗುತ್ತದೆ, ಕೆಲವೊಮ್ಮೆ ಕೀ ಬಿಟ್ಟರೂ ನಿಲ್ಲುವುದಿಲ್ಲ. ಯಾವ ವಾಯ್ಸ್ ಅಂತ ತಿಳಿಯಲು ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಪವರ್ ಆನ್ ಮಾಡಿ. ಟೆಸ್ಟ್ ಮೋಡ್ ಬರುತ್ತದೆ, ನುಡಿಯುತ್ತಿರುವ ವಾಯ್ಸ್‌ನ ಸಂಖ್ಯೆಯನ್ನು ಡಿಸ್‌ಪ್ಲೇ ತೋರಿಸುತ್ತದೆ. ಚಿಪ್ ತೆಗೆದು ಅಸಿಟೋನ್‌ನಲ್ಲಿ ನೆನೆಸಿ ಆ ಲೇಪ ಬಿಡಿಸುವವರಿದ್ದಾರೆ. ಕೆಲವು ಚಿಪ್ ಬದುಕುತ್ತವೆ, ಕೆಲವು ಇಲ್ಲ. ಹೊಸದಾಗಿ ತಯಾರಾದ ಬದಲಿ ಚಿಪ್ ಹಾಕಿಸುವುದೇ ಮೇಲು ಅನ್ನೋದು ನನ್ನ ಅಭಿಪ್ರಾಯ.

ಓಬಿ-ಎಕ್ಸ್‌ಎ, ಪ್ರಾಫೆಟ್-5ರ ಮೂರನೆಯ ಆವೃತ್ತಿ ಇವುಗಳಲ್ಲಿ ಕರ್ಟಿಸ್ ಕಂಪನಿಯ ಚಿಪ್‌ಗಳಿವೆ. 3340 ಆಸಿಲೇಟರ್, 3320 ಫಿಲ್ಟರ್, 3310 ಎನ್ವಲಪ್. ಚಿಪ್ ಸಾಕೆಟ್‌ನಲ್ಲಿ ಕೂತಿದ್ದರೆ ಪತ್ತೆ ಸುಲಭ. ಕೆಟ್ಟ ವಾಯ್ಸ್‌ನ ಫಿಲ್ಟರ್ ಚಿಪ್ಪನ್ನು ಒಳ್ಳೆಯ ವಾಯ್ಸ್‌ನ ಚಿಪ್ ಜೊತೆ ಅದಲು ಬದಲು ಮಾಡಿ. ದೋಷವೂ ಜಾಗ ಬದಲಿಸಿದರೆ ಕೆಟ್ಟಿದ್ದು ಚಿಪ್. ದೋಷ ಅಲ್ಲೇ ಉಳಿದರೆ ಚಿಪ್ಪಿನ ಸುತ್ತಲಿನ ಭಾಗಗಳನ್ನು ನೋಡಬೇಕು. ಪವರ್ ಕೇಬಲ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಕೈಯ ಸ್ಟ್ಯಾಟಿಕ್ ಕಳೆದುಕೊಂಡು ಈ ಕೆಲಸಕ್ಕೆ ಇಳಿಯಿರಿ. ಪವರ್ ಸಪ್ಲೈ ಭಾಗವನ್ನು ಮಾತ್ರ ಮುಟ್ಟಬೇಡಿ. ಆಫ್ ಮಾಡಿದ ಮೇಲೂ ಅಲ್ಲಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು.

ಚಿಪ್ ತನಕ ಹೋಗುವ ಮುಂಚೆ ಇನ್ನೊಂದನ್ನು ನೋಡಿ. ಓಬಿ-ಎಕ್ಸ್‌ಎಯಲ್ಲಿ ಪ್ರತಿ ವಾಯ್ಸ್‌ಗೂ ಪ್ಯಾನ್ ಕಂಟ್ರೋಲ್ ಇದೆ. ಎಡಗಡೆಯ ಔಟ್‌ಪುಟ್‌ಗೆ ಮಾತ್ರ ಕೇಬಲ್ ಹಾಕಿದ್ದರೆ, ಬಲಕ್ಕೆ ಸರಿಸಿದ ವಾಯ್ಸ್‌ಗಳೆಲ್ಲ ಸಣ್ಣಗೆ ಕೇಳಿಸುತ್ತವೆ. ಮೋನೋ ಔಟ್‌ಪುಟ್‌ಗೆ ಕೇಬಲ್ ಬದಲಿಸಿದರೆ ಸಾಕು.

ಯಂತ್ರ ಸರಿ ಇದೆ, ಆದರೂ ಬ್ರಾಸ್ ಅನ್ನಿಸುವುದಿಲ್ಲ

ಇದು ಎಲ್ಲರಿಗೂ ಎದುರಾಗುವ ತೊಂದರೆ. ಆಸಿಲೇಟರ್ ಬದಲಿಸುವುದು, ಎಫೆಕ್ಟ್ ಸೇರಿಸುವುದು, ಯಾವುದೂ ಕೆಲಸ ಮಾಡುವುದಿಲ್ಲ. ಯಾಕೆಂದರೆ ದೋಷ ಇರುವುದು ಸಮಯದಲ್ಲಿ.

1960ರ ದಶಕದಲ್ಲಿ ಫ್ರೆಂಚ್ ಸಂಗೀತಕಾರ ಝಾನ್-ಕ್ಲೋಡ್ ರಿಸೇ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಂಪೆಟ್ ಸ್ವರವನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿ ನೋಡಿದರು. ಊದುವ ಜೋರು ಹೆಚ್ಚಿದಷ್ಟೂ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಕೂಡಿ ಬರುವ ಉಪಸ್ವರಗಳು) ಹೆಚ್ಚುತ್ತವೆ ಅಂತ ಅವರಿಗೆ ಕಂಡಿತು. ಸ್ವರ ಶುರುವಾಗುವಾಗ ಕೆಳಗಿನ ಹಾರ್ಮೋನಿಕ್‌ಗಳು ಮೊದಲು ಬರುತ್ತವೆ, ಮೇಲಿನವು ಸ್ವಲ್ಪ ತಡವಾಗಿ. ನಮ್ಮ ಕಿವಿ ‘ಇದು ಕಹಳೆ’ ಅಂತ ಗುರುತಿಸುವುದು ಆ ಸ್ವಲ್ಪ ತಡದಿಂದಲೇ. ಹಳೆಯ ಸಿಂತ್‌ನಲ್ಲಿ ಅದನ್ನು ತರುವ ದಾರಿ ಫಿಲ್ಟರ್ ಎನ್ವಲಪ್. ಸದ್ದು ಮೊದಲು ಬರಬೇಕು, ಹೊಳಪು ಅದರ ಬೆನ್ನಿಗೇ ಬರಬೇಕು.

ಆಂಪ್‌ನ ಅಟ್ಯಾಕ್ ಹೆಚ್ಚು ಕಡಿಮೆ ಸೊನ್ನೆ ಇಡಿ. ಫಿಲ್ಟರ್ ಎನ್ವಲಪ್‌ನ ಅಟ್ಯಾಕ್ 30ರಿಂದ 60 ಮಿಲಿಸೆಕೆಂಡ್, ಡಿಕೇ (ಏರಿದ ಮೇಲೆ ಇಳಿಯುವ ಸಮಯ) ಅರ್ಧ ಸೆಕೆಂಡ್ ಆಸುಪಾಸು, ಸಸ್ಟೇನ್ ಅರ್ಧಕ್ಕಿಂತ ಸ್ವಲ್ಪ ಮೇಲೆ. ನಾನು ಶುರು ಮಾಡುವುದು ಇಲ್ಲಿಂದ. ಹಳೆಯ ನಾಬ್‌ಗಳ ಮೇಲೆ ಮಿಲಿಸೆಕೆಂಡ್ ಬರೆದಿರುವುದಿಲ್ಲ. ಹಾಗಾಗಿ ಕಿವಿಯಿಂದಲೇ ಅಳೆಯಬೇಕು. ಕಟ್‌ಆಫ್ ಕೆಳಗಿಳಿಸಿ, ಎನ್ವಲಪ್ ಪ್ರಮಾಣ ಜಾಸ್ತಿ ಮಾಡಿ, ಅಟ್ಯಾಕ್ ನಾಬ್ ಅರ್ಧಕ್ಕೆ ತನ್ನಿ. ಸ್ವರ ‘ವಾ’ ಅನ್ನುತ್ತದೆ. ಈಗ ಅಟ್ಯಾಕ್ ಅನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. ಒಂದು ಜಾಗದಲ್ಲಿ ‘ವಾ’ ಹೋಗಿ ‘ಪಾ’ ಆಗುತ್ತದೆ. ಅಲ್ಲೇ ನಿಲ್ಲಿಸಿ. ಇನ್ನೂ ಇಳಿಸಿದರೆ ‘ಟಾ’ ಆಗುತ್ತದೆ, ಆಗ ಅದು ಕ್ಲಾವಿನೆಟ್ (ತಂತಿ ಮೀಟಿದಂತೆ ಕೇಳಿಸುವ ಕೀಬೋರ್ಡ್) ಕಡೆ ಜಾರುತ್ತದೆ. ಬಾಯಲ್ಲಿ ಆ ಅಕ್ಷರ ಹೇಳುತ್ತಾ ನಾಬ್ ತಿರುಗಿಸಿ ನೋಡಿ. ಯಾವ ಮೀಟರ್‌ಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಸೌಂಡ್ ಪಿಟೀಲಿನ ಗುಂಪಿನಂತೆ ಕೇಳಿಸುತ್ತಿದ್ದರೆ ಆಂಪ್‌ನ ಅಟ್ಯಾಕ್ ನಿಧಾನವಾಗಿದೆ, ಇಲ್ಲವೇ ಕೋರಸ್ ಜಾಸ್ತಿಯಾಗಿದೆ. ಆರ್ಗನ್‌ನಂತೆ ಕೇಳಿಸುತ್ತಿದ್ದರೆ ಫಿಲ್ಟರ್ ಅಲುಗಾಡುತ್ತಲೇ ಇಲ್ಲ. ಕಟ್‌ಆಫ್ ಮೊದಲೇ ತೀರಾ ಮೇಲಿದ್ದರೆ ಎನ್ವಲಪ್ ತೆರೆಯಲು ಏನೂ ಉಳಿದಿರುವುದಿಲ್ಲ. ಮೂಗಿನಿಂದ ಹಾಡಿದಂತೆ ಇದ್ದರೆ ರೆಸೊನೆನ್ಸ್ ಇಳಿಸಿ. ಹತ್ತರಲ್ಲಿ ಒಂದೆರಡು ಪಾಲು ಸಾಕು, ಸೊನ್ನೆಯಾದರೂ ಆಗುತ್ತದೆ.

ಜುನೋ, ಕೋರ್ಗ್ ಪಾಲಿಸಿಕ್ಸ್ ಇವುಗಳಲ್ಲಿ ಪ್ರತಿ ವಾಯ್ಸ್‌ಗೆ ಒಂದೇ ಎನ್ವಲಪ್. ಅದೇ ಫಿಲ್ಟರ್‌ಗೂ ಹೋಗುತ್ತದೆ, ಆಂಪ್‌ಗೂ ಹೋಗುತ್ತದೆ. ಅಟ್ಯಾಕ್ ಸ್ವಲ್ಪ ನಿಧಾನ ಮಾಡಿದರೆ ಸದ್ದೂ ತಡ, ಹೊಳಪೂ ತಡ. ಹಾಗಾಗಿ ಇವುಗಳಲ್ಲಿ ಬ್ರಾಸ್ ಬೇಗ ಪಿಟೀಲಾಗಿ ಬಿಡುತ್ತದೆ. ಇದಕ್ಕೆ ಪರಿಹಾರ ಪ್ಯಾನಲ್ ಮೇಲೇ ಇದೆ. ಆಂಪ್ ಭಾಗದ ಸ್ವಿಚ್ಚನ್ನು ಎನ್ವಲಪ್‌ನಿಂದ ಗೇಟ್‌ಗೆ ಬದಲಿಸಿ. ಈಗ ಕೀ ಒತ್ತಿದ ಕೂಡಲೇ ಸದ್ದು ಬರುತ್ತದೆ, ಎನ್ವಲಪ್ ಪೂರ್ತಿ ಫಿಲ್ಟರ್ ಕೆಲಸಕ್ಕೆ ಸಿಗುತ್ತದೆ. ಕೀ ಬಿಟ್ಟ ಕೂಡಲೇ ಸದ್ದು ನಿಲ್ಲುತ್ತದೆ ಅನ್ನೋದು ನಿಜ. ಆದರೆ ರಾಕ್ ಬ್ರಾಸ್‌ನ ತುಂಡು ಕಾರ್ಡ್‌ಗಳಿಗೆ ಅದೂ ಹೊಂದುತ್ತದೆ.

ತೆಳ್ಳಗಿದೆ, ಇಲ್ಲವೇ ಅಲೆಅಲೆಯಾಗಿದೆ

ಎರಡು ಆಸಿಲೇಟರ್‌ಗಳ ನಡುವೆ ಇಡುವ ಶ್ರುತಿ ವ್ಯತ್ಯಾಸವೇ ಡಿಟ್ಯೂನ್. ಇದರಲ್ಲಿ ಅತಿ ಮಾಡುವವರೇ ಹೆಚ್ಚು. ಲೆಕ್ಕ ಹಾಕಿ ನೋಡೋಣ. 440 ಹರ್ಟ್ಜ್‌ನ ಸ್ವರದಲ್ಲಿ 5 ಸೆಂಟ್ (ಅಕ್ಕಪಕ್ಕದ ಎರಡು ಕೀಗಳ ನಡುವಿನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ವ್ಯತ್ಯಾಸ ಇಟ್ಟರೆ ಸೆಕೆಂಡಿಗೆ ಒಂದೂಕಾಲು ಸಲದಷ್ಟು ಅಲೆ ಏಳುತ್ತದೆ. 20 ಸೆಂಟ್ ಇಟ್ಟರೆ ಸೆಕೆಂಡಿಗೆ ಐದು. ಆ ಐದೇ ಅಕಾರ್ಡಿಯನ್. ಬ್ರಾಸ್‌ಗೆ 4ರಿಂದ 8 ಸೆಂಟ್ ಸಾಕು.

ಇಲ್ಲಿ ಒಂದು ವಿಷಯ ಗಮನಿಸಿ. ಸೆಂಟ್ ಲೆಕ್ಕದಲ್ಲಿ ಡಿಟ್ಯೂನ್ ಇಟ್ಟರೆ ಒಂದು ಆಕ್ಟೇವ್ ಮೇಲೆ ಹೋದಂತೆ ಅಲೆಯ ವೇಗ ಎರಡರಷ್ಟಾಗುತ್ತದೆ. ಕೆಳಗಿನ ಕೀಯಲ್ಲಿ ಹಿತವಾಗಿ ಕೇಳಿದ ಡಿಟ್ಯೂನ್ ಮೇಲಿನ ಕೀಯಲ್ಲಿ ನಡುಗುತ್ತದೆ. ಹಾಡಿನಲ್ಲಿ ಯಾವ ಜಾಗದಲ್ಲಿ ನುಡಿಸುತ್ತೀರೋ ಅದೇ ಜಾಗದ ಕೀ ಹಿಡಿದು ಡಿಟ್ಯೂನ್ ಮಾಡಿ.

ಜುನೋದಲ್ಲಿ ವಾಯ್ಸ್‌ಗೆ ಒಂದೇ ಆಸಿಲೇಟರ್. ಸಾಟೂತ್ ಜೊತೆ ಪಲ್ಸ್ ಅಲೆ ಸೇರಿಸಬಹುದು, ಆದರೆ ಅವೆರಡೂ ಒಂದೇ ಕಡೆಯಿಂದ ಬರುವುದರಿಂದ ಒಂದಕ್ಕೊಂದು ಉಜ್ಜಾಡುವುದಿಲ್ಲ. ಆ ಕೊರತೆ ತುಂಬಲು ಕೋರಸ್‌ನ ಒಂದನೇ ಬಟನ್ ಹಾಕಿ. ಎರಡನೆಯದು ಬ್ರಾಸ್‌ಗೆ ಜಾಸ್ತಿ ಆಗುತ್ತದೆ.

ಟ್ಯೂನ್ ಬಟನ್ ಒತ್ತಿದ ಮೇಲೂ ಒಂದೆರಡು ವಾಯ್ಸ್ ಶ್ರುತಿಗೆ ಬರದಿದ್ದರೆ ಅದು ಡಿಟ್ಯೂನ್ ಮಾತಲ್ಲ. ಆಸಿಲೇಟರ್‌ಗಿಂತ ಮೊದಲು ಪವರ್ ಸಪ್ಲೈಯ ವೋಲ್ಟೇಜ್ ಅಳೆಸಿ. ವೋಲ್ಟೇಜ್ ಕುಸಿದ ಯಂತ್ರದಲ್ಲಿ ಶ್ರುತಿ ಯಾವತ್ತೂ ನಿಲ್ಲುವುದಿಲ್ಲ.

ಕೇಳಿದ ರೆಕಾರ್ಡ್‌ನಂತೆ ಬರುತ್ತಿಲ್ಲ

‘ರಾಕ್ ಬ್ರಾಸ್’ ಅನ್ನುವ ಒಂದೇ ಸೌಂಡ್ ಇಲ್ಲ. ವ್ಯಾನ್ ಹೇಲೆನ್ ತಂಡದ ‘ಜಂಪ್’ 1983ರ ಕೊನೆಯಲ್ಲಿ ಬಂತು. ಅದು ಓಬಿ-ಎಕ್ಸ್‌ಎ. ಆ ಕೀಬೋರ್ಡ್‌ಗೆ ವೆಲಾಸಿಟಿಯೇ ಇಲ್ಲ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು, ಒಂದೇ ಹೊಳಪು. ಆ ಕಾರ್ಡ್‌ಗಳ ಗಟ್ಟಿತನ ಅಲ್ಲಿಂದಲೇ ಬಂದದ್ದು. ನೀವು ವೆಲಾಸಿಟಿ ಇರುವ ಕೀಬೋರ್ಡ್‌ನಲ್ಲಿ ಅದನ್ನು ತರಲು ಹೊರಟರೆ ಒಂದೊಂದು ಕಾರ್ಡ್ ಒಂದೊಂದು ಥರ ಬರುತ್ತದೆ. ವೆಲಾಸಿಟಿಯನ್ನು ಸೊನ್ನೆ ಮಾಡಿ, ಅರ್ಧ ದೋಷ ಅಲ್ಲೇ ಹೋಗುತ್ತದೆ. ಅದರ ಫಿಲ್ಟರ್ ಕೂಡ ತುಂಬ ಓಡಾಡುವುದಿಲ್ಲ. ಮೊದಲಿನಿಂದಲೇ ಸಾಕಷ್ಟು ತೆರೆದಿದೆ. ‘ವಾ’ ‘ಪಾ’ ವಿಷಯವನ್ನು ಇಲ್ಲಿ ‘ಪಾ’ ಕಡೆಗೇ ಒತ್ತಿ ಹಿಡಿಯಿರಿ.

ಓಬಿ-ಎಕ್ಸ್‌ಎಯ ಫಿಲ್ಟರ್‌ಗೆ 12 ಡಿಬಿ, 24 ಡಿಬಿ ಎರಡೂ ಇಳಿಜಾರು (ಕಟ್‌ಆಫ್ ಮೇಲಿನದನ್ನು ಎಷ್ಟು ಬಿರುಸಾಗಿ ಕತ್ತರಿಸುತ್ತದೆ ಅನ್ನುವ ಅಳತೆ) ಇವೆ. 12 ಡಿಬಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿ ಉಳಿಯುತ್ತವೆ. ನಿಮ್ಮದು 24 ಡಿಬಿ ಮಾತ್ರ ಇರುವ ಕೀಬೋರ್ಡ್ ಆಗಿದ್ದರೆ ಕಟ್‌ಆಫ್ ಇನ್ನಷ್ಟು ಏರಿಸಿ, ಎನ್ವಲಪ್ ಪ್ರಮಾಣ ಕಡಿಮೆ ಮಾಡಿ.

ಯೂರೋಪ್ ತಂಡದ ‘ದಿ ಫೈನಲ್ ಕೌಂಟ್‌ಡೌನ್’, 1986ರದ್ದು. ಅದರಲ್ಲಿ ರೋಲ್ಯಾಂಡ್ ಜೆಎಕ್ಸ್-8ಪಿ ಮೇಲೆ ಯಮಾಹಾ ಟಿಎಕ್ಸ್816 ಕೂತಿದೆ. ಟಿಎಕ್ಸ್816 ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎಂಟು ಡಿಎಕ್ಸ್7 (ಯಮಾಹಾದ ಡಿಜಿಟಲ್ ಎಫ್‌ಎಂ ಕೀಬೋರ್ಡ್; ಎಫ್‌ಎಂ ಅಂದರೆ ಒಂದು ಅಲೆಯಿಂದ ಇನ್ನೊಂದನ್ನು ಅಲುಗಿಸಿ ಸ್ವರ ಮಾಡುವ ಬಗೆ) ಇದ್ದ ಹಾಗೆ. ಒಂದೇ ಅನಲಾಗ್ ಕೀಬೋರ್ಡ್‌ನಲ್ಲಿ ಆ ಸೌಂಡ್ ಬರದಿದ್ದರೆ ಅದು ನಿಮ್ಮ ಯಂತ್ರದ ದೋಷವೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಅನಲಾಗ್‌ನ ಮೈ, ಎಫ್‌ಎಂನ ಹಲ್ಲು, ಎರಡನ್ನೂ ಸೇರಿಸಿಯೇ ಮಾಡಬೇಕು.

ಟೋಟೋ ತಂಡದ ‘ಆಫ್ರಿಕಾ’ದ ಶುರುವಿನ ಬ್ರಾಸ್ ಯಮಾಹಾ ಸಿಎಸ್-80ರದ್ದು. ಸುಮಾರು 100 ಕೆಜಿ ತೂಗುವ ಆ ಕೀಬೋರ್ಡ್‌ನಲ್ಲಿ ಪ್ರತಿ ಕೀಯನ್ನೂ ಬೇರೆ ಬೇರೆಯಾಗಿ ಒತ್ತಿ ಹಿಡಿದು ಹೊಳಪು ಹೆಚ್ಚಿಸಬಹುದು. ಇದನ್ನು ಬೇರೆ ಕೀಬೋರ್ಡ್‌ನಲ್ಲಿ ತರಲು ಫಿಲ್ಟರ್ ಪೆಡಲ್‌ಗೆ ಜಾಗವಿದ್ದರೆ ಬಳಸಿ. ಇಲ್ಲದಿದ್ದರೆ ಎಡಗೈಯಲ್ಲಿ ಕಟ್‌ಆಫ್ ನಾಬ್ ಹಿಡಿದು ಸ್ವರ ಉಬ್ಬುವಲ್ಲಿ ಸ್ವಲ್ಪ ತೆರೆಯಿರಿ.

ಡಿಎಕ್ಸ್7ನಲ್ಲಿ ಬ್ರಾಸ್ ಒಡೆದಂತೆ ಕೇಳಿಸಿದರೆ

1983ರ ಡಿಎಕ್ಸ್7ನಲ್ಲಿ ಫಿಲ್ಟರ್ ಇಲ್ಲ. ಹೊಳಪನ್ನು ತೀರ್ಮಾನಿಸುವುದು ಮಾಡ್ಯುಲೇಟರ್ ಆಪರೇಟರ್‌ಗಳ (ಬೇರೆ ಅಲೆಯನ್ನು ಅಲುಗಿಸುವ ಆಸಿಲೇಟರ್‌ಗಳ) ಲೆವೆಲ್ ಮತ್ತು ಅವುಗಳ ಎನ್ವಲಪ್. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಎಫ್‌ಎಂನಲ್ಲಿ ಬ್ರಾಸ್ ತಂದದ್ದು ರಿಸೇ ಕಂಡ ಅದೇ ಸಂಗತಿಯಿಂದ. ಸದ್ದು ಏರಿದಂತೆ ಮಾಡ್ಯುಲೇಶನ್ ಕೂಡ ಏರಬೇಕು. ಅಂದರೆ ಮಾಡ್ಯುಲೇಟರ್‌ನ ಎನ್ವಲಪ್ಪೇ ನಿಮ್ಮ ಫಿಲ್ಟರ್ ಎನ್ವಲಪ್.

ಇಲ್ಲಿ ಅನಲಾಗ್‌ನಿಂದ ಬಂದವರು ಎಡವುವ ಒಂದು ಜಾಗ ಇದೆ. ಡಿಎಕ್ಸ್7ನ ಎನ್ವಲಪ್‌ನಲ್ಲಿ ಇರುವುದು ಸಮಯವಲ್ಲ, ವೇಗ. 99 ಅಂದರೆ ಅತಿ ವೇಗ, ಸೊನ್ನೆ ಅಂದರೆ ಅತಿ ನಿಧಾನ. ಅಟ್ಯಾಕ್ ನಿಧಾನ ಮಾಡಲು ಸಂಖ್ಯೆ ಇಳಿಸಬೇಕು.

ಫ್ಯಾಕ್ಟರಿಯಿಂದ ಬರುವ ‘ಬ್ರಾಸ್ 1’ ಅಲ್ಗಾರಿದಮ್ (ಆಪರೇಟರ್‌ಗಳ ಜೋಡಣೆ) 22ರ ಮೇಲೆ ನಿಂತಿದೆ, ಫೀಡ್‌ಬ್ಯಾಕ್ (ಆಪರೇಟರ್ ತನ್ನನ್ನೇ ಅಲುಗಿಸುವ ಪ್ರಮಾಣ) 7. ಫೀಡ್‌ಬ್ಯಾಕ್ ಇಳಿಸಿದರೆ ಸಾಟೂತ್‌ನ ಗರಗರ ಹೋಗಿ ಸೌಂಡ್ ಕೊಳಲಿನಂತಾಗುತ್ತದೆ. ಒಡೆದಂತೆ ಕೇಳಿಸುತ್ತಿದ್ದರೆ ಫೀಡ್‌ಬ್ಯಾಕ್ ಮುಟ್ಟಬೇಡಿ, ಮಾಡ್ಯುಲೇಟರ್ ಲೆವೆಲ್‌ಗಳನ್ನು ಎರಡೆರಡೇ ಅಂಕ ಇಳಿಸಿ ಕೇಳಿ. ಇದರ ಜೊತೆಗೆ ವೆಲಾಸಿಟಿ ವಿಷಯ. ಡಿಎಕ್ಸ್7ನ ಕೀಗಳು ಎಷ್ಟೇ ಜೋರಾಗಿ ಒತ್ತಿದರೂ ವೆಲಾಸಿಟಿ ಅಳತೆಯ ತುದಿಯಾದ 127ರ ತನಕ ಮುಟ್ಟುವುದಿಲ್ಲ. ಬೇರೆ ಕೀಬೋರ್ಡ್‌ನಿಂದ ಮಿಡಿ (ಕೀಬೋರ್ಡ್‌ಗಳನ್ನು ಜೋಡಿಸುವ ಸಂಪರ್ಕ) ಮೂಲಕ ಅದೇ ಪ್ಯಾಚ್ ನುಡಿಸಿದರೆ ಹೊಳಪು ಏಕಾಏಕಿ ಹೆಚ್ಚಾಗುತ್ತದೆ. ಪ್ಯಾಚ್ ಕೆಟ್ಟಿತು ಅಂದುಕೊಳ್ಳಬೇಡಿ. ಆ ಕೀಬೋರ್ಡ್‌ನ ವೆಲಾಸಿಟಿ ಮಿತಿ ಇಳಿಸಿ.

ಮೇಲೆ ಮಂಕು, ಕೆಳಗೆ ಹೊಳಪು

ಫಿಲ್ಟರ್‌ನ ಕೀ ಟ್ರ್ಯಾಕಿಂಗ್ (ಮೇಲಿನ ಕೀಗಳಿಗೆ ಫಿಲ್ಟರ್ ಹೆಚ್ಚು ತೆರೆಯುವ ಹೊಂದಾಣಿಕೆ) ಸೊನ್ನೆ ಇದೆ. ಅರ್ಧಕ್ಕೆ ಏರಿಸಿ. ಪೂರ್ತಿ ಏರಿಸಿದರೆ ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತವೆ.

ಗುಂಯ್ ಸದ್ದು, ಚರಚರ, ಸತ್ತ ಕೀ

ಬ್ರಾಸ್ ಹಿಂದೆ ಒಂದೇ ಸಮನೆ ಗುಂಯ್ ಅನ್ನುವ ಸದ್ದು ಇದ್ದರೆ ಅದರ ಶ್ರುತಿ ನೋಡಿ. 50 ಹರ್ಟ್ಜ್ ವಿದ್ಯುತ್ ಇರುವ ಕಡೆ 100 ಹರ್ಟ್ಜ್, 60 ಇರುವ ಕಡೆ 120 ಹರ್ಟ್ಜ್ ಬಂದರೆ ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿವೆ ಅಂತ ಅನುಮಾನಿಸಬಹುದು. ಅದನ್ನು ಬಲ್ಲವರ ಕೈಗೇ ಕೊಡಿ.

ನಾಬ್ ತಿರುಗಿಸುವಾಗ ಚರಚರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಬಿಟ್ಟು ಇಪ್ಪತ್ತು ಮೂವತ್ತು ಸಲ ತಿರುಗಿಸಿ. ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹೊಡೆಯಬೇಡಿ, ಧೂಳು ಅಂಟಿಕೊಳ್ಳುತ್ತದೆ. ಕೀ ಒಮ್ಮೆ ನುಡಿದು ಒಮ್ಮೆ ನುಡಿಯದಿದ್ದರೆ ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ.

ಪಾಲಿಸಿಕ್ಸ್ ಇದ್ದವರು ಇವತ್ತೇ ಮುಚ್ಚಳ ತೆಗೆದು ನೋಡಬೇಕು. ಒಳಗಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಕೆಎಲ್‌ಎಂ-367 ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಪ್ಯಾಚ್‌ಗಳು ತಾವಾಗಿ ಬದಲಾಗುವುದು, ಕೆಲವು ಕೀ ಸುಮ್ನೆ ಕೂರುವುದು, ಇವು ಅದರ ಮುನ್ಸೂಚನೆ. ಯಾವ ಕೀಬೋರ್ಡ್ ಆದರೂ ಬ್ಯಾಟರಿ ಬದಲಿಸುವ ಮುಂಚೆ ಪ್ಯಾಚ್‌ಗಳನ್ನು ಕ್ಯಾಸೆಟ್ ಔಟ್‌ಪುಟ್ ಅಥವಾ ಮಿಡಿಯ ಸಿಸ್ಟಂ ಎಕ್ಸ್‌ಕ್ಲೂಸಿವ್ ಸಂದೇಶದ ಮೂಲಕ ಉಳಿಸಿಕೊಳ್ಳಿ.

ಕೊನೆಗೆ ಕೈ

ಯಂತ್ರ ಸರಿ, ಪ್ಯಾಚ್ ಸರಿ, ಆದರೂ ಕಲಸಿದಂತೆ ಕೇಳಿಸುತ್ತಿದೆಯೇ? ಸಸ್ಟೇನ್ ಪೆಡಲ್‌ನಿಂದ ಕಾಲು ತೆಗೆಯಿರಿ. ಕಹಳೆ ಊದುವವರು ಉಸಿರು ನಿಲ್ಲಿಸಿದ ಕೂಡಲೇ ಸ್ವರ ನಿಲ್ಲುತ್ತದೆ. ನಿಮ್ಮ ಬೆರಳೂ ಹಾಗೇ ಏಳಬೇಕು. ಐದು ವಾಯ್ಸ್‌ನ ಕೀಬೋರ್ಡ್‌ನಲ್ಲಿ ರಿಲೀಸ್ (ಕೀ ಬಿಟ್ಟ ಮೇಲೆ ಸ್ವರ ಆರುವ ಸಮಯ) ಉದ್ದ ಇಟ್ಟರೆ ಹಿಂದಿನ ಕಾರ್ಡ್‌ನ ಬಾಲ ಇನ್ನೂ ಇರುವಾಗಲೇ ಹೊಸ ಕಾರ್ಡ್ ಅದರ ವಾಯ್ಸ್‌ಗಳನ್ನು ಕಸಿಯುತ್ತದೆ. ಸ್ವರಗಳು ಮಧ್ಯದಲ್ಲಿ ತುಂಡಾದಂತೆ ಕೇಳಿಸುತ್ತದೆ. ರಿಲೀಸ್ 100 ಮಿಲಿಸೆಕೆಂಡ್ ಸುತ್ತ ಇರಲಿ.

ಕಾರ್ಡ್ ಹಿಡಿಯುವ ಬಗೆಯೂ ಮುಖ್ಯ. ಎರಡೂ ಕೈ ತುಂಬ ಸ್ವರ ಒತ್ತಿದರೆ ಸಾಟೂತ್‌ಗಳು ಒಂದರ ಮೇಲೊಂದು ಬಿದ್ದು ಕೆಸರಾಗುತ್ತದೆ. ‘ಜಂಪ್’ನಲ್ಲಿ ಬಾಸ್ ಸಿ ಸ್ವರದಲ್ಲೇ ಕೂತಿರುತ್ತದೆ, ಅದರ ಮೇಲೆ ಎಫ್, ಜಿ, ಸಿ ಕಾರ್ಡ್‌ಗಳು ಮೂರು ಮೂರು ಸ್ವರದಲ್ಲಿ ಓಡಾಡುತ್ತವೆ. ಬಲಗೈಯಲ್ಲಿ ಮೂರು ಸ್ವರ ಹತ್ತಿರ ಹತ್ತಿರ ಹಿಡಿಯಿರಿ. ಮಧ್ಯದ ಸಿ ಸುತ್ತ ಮತ್ತು ಅದರ ಒಂದು ಆಕ್ಟೇವ್ ಮೇಲೆ ಜಾಗ ಸರಿ ಹೊಂದುತ್ತದೆ. ಮೂರೂ ಬೆರಳು ಒಟ್ಟಿಗೆ ಬೀಳಬೇಕು. ಫಿಲ್ಟರ್ 40 ಮಿಲಿಸೆಕೆಂಡ್‌ನಲ್ಲಿ ತೆರೆಯುವಾಗ ಬೆರಳುಗಳ ನಡುವೆ 30 ಮಿಲಿಸೆಕೆಂಡ್ ಅಂತರ ಬಂದರೆ ‘ಪಾ’ ಮತ್ತೆ ‘ವಾ’ ಆಗುತ್ತದೆ. ಇದನ್ನು ನೇರವಾಗಿ ನುಡಿಸುವಾಗ ಹಿಡಿಯುವುದು ಕಷ್ಟ. ನಾಲ್ಕು ಬಾರ್ ರೆಕಾರ್ಡ್ ಮಾಡಿ, ಅಲೆಯ ಚಿತ್ರವನ್ನು ದೊಡ್ಡದು ಮಾಡಿ, ಪ್ರತಿ ಕಾರ್ಡ್‌ನ ಶುರುವನ್ನು ನೋಡಿ. ಒಂದೇ ಮೆಟ್ಟಿಲಿನ ಬದಲು ಎರಡು ಮೂರು ಮೆಟ್ಟಿಲು ಕಂಡರೆ ನಾಬ್ ಬಿಟ್ಟು ಲಯ ನಿಧಾನ ಮಾಡಿ ಬೆರಳುಗಳ ಅಭ್ಯಾಸ ಮಾಡಿ.